ಕೈ ಒತ್ತು, ನಂಗೆ ಗೊತ್ತಾಗುತ್ತೆ

ಹೆರಿಗೆ ವಾರ್ಡಿನಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಡಾಕ್ಟರಿಂದ ಹಿಡಿದು ನೆಲ ಒರೆಸುವ ಆಯಾವರೆಗೆ ಎಲ್ಲರಿಗೂ ಅವಳು ಕೈಯಕ್ಕ. ಹೊಸದಾಗಿ ಬಂದ ನರ್ಸುಗಳು ಮೊದಲ ದಿನ ಈ ಹೆಸರು ಕೇಳಿ ಕಿಸಕ್ಕನೆ ನಗುತ್ತಿದ್ದರು. ಅವಳ ಜೊತೆ ನಿಂತು ಒಂದು ಹೆರಿಗೆ ನೋಡಿದ ಮೇಲೆ ಆ ನಗು ತಾನಾಗಿ ಅಡಗುತ್ತಿತ್ತು.

ನೋವು ತಿನ್ನುತ್ತಾ ಒಬ್ಬಳು ಒಳಗೆ ಬಂದರೆ ಮಾಡಬೇಕಾದ ಕೆಲಸಗಳೆಲ್ಲ ಎಲ್ಲರಿಗೂ ಒಂದೇ. ನಾಡಿ, ಜ್ವರ, ಬಿ.ಪಿ. ನೋಡಬೇಕು. ಹೊಟ್ಟೆಯನ್ನು ಮೇಲಿಂದ ಕೆಳಗೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆ, ತಲೆ ಎಲ್ಲಿ ಎಂದು ತಿಳಿಯಬೇಕು. ಅದರ ಎದೆಬಡಿತ ಕೇಳಬೇಕು. ಇಷ್ಟಾದ ಮೇಲೆ ಉಳಿದವರು ಮುಂದಿನ ಮಂಚಕ್ಕೆ ಹೋದರೆ, ಕೈಯಕ್ಕ ಮೂಲೆಯ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಕುಳಿತುಬಿಡುತ್ತಿದ್ದಳು. ಬಲಗೈಯ ಬೆರಳುಗಳು ಹೊಟ್ಟೆಯ ಮೇಲೆ, ಎಡಗೈ ಆ ಹೆಂಗಸಿನ ಮುಷ್ಟಿಯೊಳಗೆ.

"ಕಿರುಚ್ಬೇಕು ಅನ್ಸಿದ್ರೆ ಕಿರುಚು ತಾಯಿ, ಇಲ್ಲಿ ಯಾರೂ ಬೈಯಲ್ಲ. ಬೇಡ ಅನ್ಸಿದ್ರೆ ಸುಮ್ನೆ ನನ್ನ ಕೈ ಒತ್ತು. ನಂಗೆ ಗೊತ್ತಾಗುತ್ತೆ."

ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೋ. ಹೇಳಿ ಹೇಳಿ ಅದು ಅವಳ ಉಸಿರಿನ ಲಯಕ್ಕೇ ಒಗ್ಗಿಹೋಗಿತ್ತು. ಅದು ಬಾಯಿಮಾತಿನ ಸಮಾಧಾನವೂ ಆಗಿರಲಿಲ್ಲ, ನಿಜವಾಗಿಯೂ ಗೊತ್ತಾಗುತ್ತಿತ್ತು. ಹೊಟ್ಟೆ ಬಿಗಿಯುವುದನ್ನು ಅಳೆಯುವ ಬಗೆಯನ್ನು ತರಬೇತಿಯ ದಿನಗಳಲ್ಲಿ ಮುಖದ ಲೆಕ್ಕದಲ್ಲಿ ಕಲಿಸಿದ್ದರು. ಮೂಗಿನ ತುದಿಯಷ್ಟು ಮೆತ್ತಗಿದ್ದರೆ ನೋವು ಇನ್ನೂ ಎಳೆಯದು. ಗದ್ದದಷ್ಟಾದರೆ ಹದಕ್ಕೆ ಬಂದಿದೆ. ಹಣೆಯಷ್ಟು ಗಟ್ಟಿಯಾದರೆ ಮಗು ಹೊರಟು ನಿಂತಿದೆ. ಅದಕ್ಕಿಂತ ಮುಖ್ಯ, ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಹೊಟ್ಟೆ ಪೂರ್ತಿ ಸಡಿಲವಾಗಬೇಕು. ಒಳಗಿರುವ ಜೀವ ದಣಿವಾರಿಸಿಕೊಳ್ಳುವುದು ಆ ಬಿಡುವಿನಲ್ಲೇ. ಇದನ್ನೆಲ್ಲ ಅಳೆಯುವ ಯಂತ್ರ ಬಂದ ಮೇಲೂ ವಾರ್ಡಿನಲ್ಲಿದ್ದದ್ದು ಒಂದೇ ಯಂತ್ರ. ಅದನ್ನು ಹೆಚ್ಚು ಕಷ್ಟವಿದ್ದವರಿಗೆ ಕಟ್ಟಿದರೆ, ಉಳಿದವರಿಗೆ ಬೆರಳುಗಳೇ ಗತಿ.

ಕೈಯಕ್ಕ ಒಬ್ಬಳೇ ಇದ್ದಳು. ಮದುವೆಯ ಮಾತು ಬಂದಾಗಲೆಲ್ಲ ನನಗೆ ಡ್ಯೂಟಿ ಇತ್ತು ಎಂದು ತಮಾಷೆ ಮಾಡುತ್ತಿದ್ದಳು. ಸತ್ಯ ಅದಕ್ಕಿಂತ ಬಹಳ ದೂರವೇನೂ ಇರಲಿಲ್ಲ. ತಾಯಿ ಇರುವವರೆಗೆ ಮಹಡಿಯ ಮೇಲಿನ ಬಾಡಿಗೆಯ ಎರಡು ಕೋಣೆಗಳಲ್ಲಿ ಮಾತಿತ್ತು, ಜಗಳವಿತ್ತು, ಬಾಗಿಲು ತೆಗೆಯುವವರಿದ್ದರು. ತಾಯಿ ಹೋದ ಮೇಲೆ ಬೀಗ ಒಂದು ಬಂತು. ತಮ್ಮ ದೂರದ ಊರಿನಿಂದ ಫೋನು ಮಾಡಿ, "ಏನಕ್ಕ, ಆರಾಮಾ?" ಎನ್ನುತ್ತಿದ್ದ. "ಆರಾಮು ಕಣೋ" ಎನ್ನುವಷ್ಟರಲ್ಲಿ ಅವನ ಹಿಂದೆ ಯಾರೋ ಊಟಕ್ಕೆ ಕೂಗುತ್ತಿದ್ದರು.

ಪೇಟೆಯಲ್ಲಿ ಒಮ್ಮೊಮ್ಮೆ ಹಳೆಯ ಬಾಣಂತಿಯರು ಎದುರಾಗುತ್ತಿದ್ದರು. ತರಕಾರಿ ಅಂಗಡಿಯ ಮುಂದೆ ಒಬ್ಬಳು ಮಗನ ಕಿವಿ ಹಿಂಡುತ್ತಾ ನಿಂತಿರುತ್ತಾಳೆ. ಅವನು ಹುಟ್ಟಿದ ದಿನ ಇವಳು ಗಂಡನನ್ನೂ ಗಂಡನ ಮೂರು ತಲೆಮಾರನ್ನೂ ಹಿಗ್ಗಾಮುಗ್ಗಾ ಬೈದದ್ದು ಕೈಯಕ್ಕನಿಗೆ ಅಕ್ಷರ ಬಿಡದೆ ನೆನಪಿದೆ. ಅವಳಿಗೆ ಕೈಯಕ್ಕ ನೆನಪಿಲ್ಲ. "ಸ್ವಲ್ಪ ಜಾಗ ಬಿಡಿ ಅಮ್ಮ" ಎಂದು ಪಕ್ಕಕ್ಕೆ ಸರಿಸಿ ಟೊಮೆಟೊ ಆರಿಸುತ್ತಾಳೆ. ಕೈಯಕ್ಕ ಬೇಸರಿಸಿಕೊಳ್ಳುತ್ತಿರಲಿಲ್ಲ. ನೋವಿನಲ್ಲಿದ್ದವರು ಕಣ್ಣು ಮುಚ್ಚಿರುತ್ತಾರೆ. ಮುಖ ನೋಡಿದ್ದರೆ ತಾನೇ ನೆನಪಿರುವುದು? ನೋವು ಮರೆಯುವಾಗ ಅದರ ಜೊತೆಗಿದ್ದವಳನ್ನೂ ಮರೆಯುತ್ತಾರೆ, ಅದು ಇರಬೇಕಾದದ್ದೇ ಹಾಗೆ ಎಂದುಕೊಳ್ಳುತ್ತಿದ್ದಳು. ಆದರೂ ಮನೆಗೆ ಬಂದು ಚೀಲ ಇಳಿಸುವಾಗ ಒಂದು ಯೋಚನೆ ಬರುತ್ತಿತ್ತು. ತಾಯಿಯ ನಂತರ ತನ್ನ ಕೈ ಹಿಡಿದವರು ಯಾರು ಎಂದು ಕೇಳಿದರೆ, ಹೆಸರು ನೆನಪಿಲ್ಲದ ಆ ಹೆಂಗಸರೇ. ಬೇರೆ ಯಾರೂ ಇಲ್ಲ.

ಬೆರಳುಗಳು ಮೋಸ ಮಾಡತೊಡಗಿದ್ದು ಹೋದ ಚಳಿಗಾಲದಲ್ಲಿ. ಮೊದಲು ಬೆಳಗಿನ ಜೋಮು. ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಲೋಟ ಜಾರತೊಡಗಿತು, ರವಿಕೆಯ ಹುಕ್ಕು ಹಾಕಲು ಕನ್ನಡಿ ಬೇಕಾಯಿತು. ಒಂದು ದಿನ ಒಲೆಯ ಮೇಲಿನ ಪಾತ್ರೆ ಇಳಿಸಿ, ಏನೋ ಸುಟ್ಟ ವಾಸನೆ ಎಂದು ಸುತ್ತ ನೋಡಿದರೆ ತೋರುಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಎರಡೂ ಕೈಗಳಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಸಾಲಾಗಿ ಕೈಕೊಟ್ಟವು. ಉಂಗುರದ ಬೆರಳು ಅರ್ಧ ಆಚೆ, ಅರ್ಧ ಈಚೆ. ಕಿರುಬೆರಳೊಂದೇ ಮೊದಲಿನಂತಿತ್ತು. "ನಿನ್ನಿಂದ ಒಂದು ದಿನ ಒಂದು ಕೆಲಸ ಆಗಿಲ್ಲ, ನೀನು ಮಾತ್ರ ಗಟ್ಟಿ" ಎಂದು ಕೈಯಕ್ಕ ಅದನ್ನು ರೇಗಿಸಿದಳು. ಮನೆಯಲ್ಲಿ ರೇಗಿಸಲು ಬೇರೆ ಯಾರಿದ್ದರು?

ಒಂದು ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು ಹಳೆಯ ಪಾಠವನ್ನು ತನ್ನ ಮೇಲೇ ಪ್ರಯೋಗ ಮಾಡಿದಳು. ಮೂಗಿನ ತುದಿ ಮುಟ್ಟಿದಳು, ಗದ್ದ ಮುಟ್ಟಿದಳು, ಹಣೆ ಮುಟ್ಟಿದಳು. ಮುಖಕ್ಕೆ ಬೆರಳು ಗೊತ್ತಾಗುತ್ತಿತ್ತು. ಬೆರಳಿಗೆ ಮುಖ ಗೊತ್ತಾಗುತ್ತಿರಲಿಲ್ಲ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ತಿಳಿದಿತ್ತು. ಕೈ ಸರಿಯಿಲ್ಲದವರನ್ನು ಹೆರಿಗೆ ಕೋಣೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೆಳಗೆ ಚೀಟಿ ಕೊಡುವ ಕಿಟಕಿಗೆ ಹಾಕುತ್ತಾರೆ. ಕಿಟಕಿಗೆ ಗಾಜು, ಗಾಜಿನಲ್ಲಿ ಅಂಗೈಯಗಲದ ಕಂಡಿ. ಅದರಾಚೆಯಿಂದ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಹೀಗಾಗಿ ಕೈಯಕ್ಕ ಹೇಳಲಿಲ್ಲ. ಬೆರಳು ಬಿಟ್ಟ ಕೆಲಸವನ್ನು ಕಣ್ಣಿಗೆ ಒಪ್ಪಿಸಿದಳು. ಹುಬ್ಬು ಗಂಟಿಕ್ಕುವುದು, ಕಾಲ್ಬೆರಳು ಮಡಚುವುದು, ಉಸಿರು ಸಿಕ್ಕಿಕೊಳ್ಳುವುದು, ಇವುಗಳಿಂದಲೇ ನೋವಿನ ಅಳತೆ ಹಿಡಿದಳು. ಕೈ ಹೊಟ್ಟೆಯ ಮೇಲೆ ಇರುತ್ತಿತ್ತು, ಹರವಿದ ಬಟ್ಟೆಯಂತೆ. ಅಂದಾಜು ತಪ್ಪಲಿಲ್ಲ. ತಪ್ಪದೆ ತಿಂಗಳುಗಳು ಕಳೆದ ಮೇಲೆ, ತಪ್ಪುವುದೇ ಇಲ್ಲವೆಂಬ ಧೈರ್ಯ ಬಂತು.

ಆಗ ಬಂದವಳು ದರ್ಜಿ ಹುಡುಗಿ.

ಚೊಚ್ಚಲು. ರವಿಕೆ ಹೊಲಿಯುವ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ. ಬಲಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ದೊರಗಾಗಿತ್ತು. ಜೊತೆಗೆ ಬಂದ ನಾದಿನಿ ಬಾಗಿಲಲ್ಲೇ ಊರ ಪುರಾಣ ಶುರುಮಾಡಿದಳು.

"ನೋಡಿ ಸಿಸ್ಟರ್, ಇವ್ಳು ಬಾಯಿ ಬಿಡೋಳಲ್ಲ. ಮದುವೆ ದಿನ ಚಪ್ಪಲಿ ಕಚ್ಚಿ ಕಾಲೆಲ್ಲ ರಕ್ತ, ಆಗ್ಲೂ ಹೇಳ್ಲಿಲ್ಲ. ನಮ್ಮಣ್ಣ ಬೇರೆ ಊರಲ್ಲಿಲ್ಲ, ಲಾರಿ ತಗೊಂಡು ಹೋಗಿದಾನೆ. ನಮ್ಮನೇಲಿ ಇವ್ಳ ಪಾಲಿನ ಮಾತೂ ನಾನೇ ಆಡ್ಬೇಕು."

"ಅದು ಕಾಣ್ತಾ ಇದೆ" ಎಂದಳು ಕೈಯಕ್ಕ. "ನೀವು ಹೊರಗೆ ಕೂತ್ಕೊಂಡು ಆಡಿ. ನಾನು ಇವಳ ಹತ್ರ ಇರ್ತೀನಿ."

ದರ್ಜಿ ಹುಡುಗಿಯ ತುಟಿಯ ಕೊನೆಯಲ್ಲಿ ನಗು ಬಂದು ಹೋಯಿತು.

ಪಕ್ಕದ ಮಂಚದಲ್ಲಿ ಅವಳಿ ಮಕ್ಕಳ ತಾಯಿಗೆ ಯಂತ್ರ ಕಟ್ಟಿದ್ದರು. ಕೈಯಕ್ಕ ಸ್ಟೂಲು ಎಳೆದುಕೊಂಡಳು, ಎಂದಿನ ಮಾತು ಹೇಳಿದಳು. ಹುಡುಗಿ ತಲೆಯಾಡಿಸಿ ಅವಳ ಎಡಗೈಯ ಎರಡು ಬೆರಳುಗಳನ್ನು ಹಿಡಿದುಕೊಂಡಳು. ತೋರುಬೆರಳು, ನಡುಬೆರಳು. ಸೂಜಿಗೆ ದಾರ ಪೋಣಿಸುವವಳ ಹಾಗೆ, ಅಚ್ಚುಕಟ್ಟಾಗಿ.

ಬೆಳಗು ಕಳೆದು ಮಧ್ಯಾಹ್ನವಾಯಿತು. ಹುಡುಗಿ ಗೋಡೆಯ ಮೇಲಿನ ಒಂದು ಬಿರುಕನ್ನು ನೋಡುತ್ತಾ, ಆಗಾಗ ಕೈಯಕ್ಕನ ಕಡೆ ಕಣ್ಣು ಹೊರಳಿಸುತ್ತಾ ಮಲಗಿದ್ದಳು. ಹುಬ್ಬು ಗಂಟಿಕ್ಕಲಿಲ್ಲ, ಕಾಲ್ಬೆರಳು ಮಡಚಲಿಲ್ಲ, ಉಸಿರು ಹದ ತಪ್ಪಲಿಲ್ಲ. ಕೈಯಕ್ಕ ಆ ಮುಖವನ್ನೇ ನೋಡಿದಳು, ಶಾಂತವಾದ ಕೆರೆಯನ್ನು ನೋಡುವವರಂತೆ.

ಡಾಕ್ಟರಮ್ಮ ಬಂದು ಕೇಳಿದರು. "ಹೇಗಿದೆ ಕೈಯಕ್ಕ?"

"ನೋವು ಸಾಲ್ತಿಲ್ಲ ಡಾಕ್ಟ್ರೇ. ಇನ್ನೂ ಮೂಗಿನ ತುದಿ."

"ಸರಿ ಹಾಗಾದ್ರೆ. ನಿಮ್ಮ ಕೈ ಹೇಳಿದ ಮೇಲೆ ಮುಗೀತು." ನೋವು ಹೆಚ್ಚಿಸುವ ಡ್ರಿಪ್ ಬರೆದು ಅವರು ಆಪರೇಷನ್ ಕೋಣೆಯ ಕಡೆ ಹೋದರು.

ಡ್ರಿಪ್ ಹನಿಯತೊಡಗಿತು. ಕೈಯಕ್ಕ ಹನಿಗಳ ಮೇಲೆ ಕಣ್ಣಿಟ್ಟಳು. ಆಗಾಗ ಮಗುವಿನ ಎದೆಬಡಿತ ಕೇಳುವ ಪುಟ್ಟ ಯಂತ್ರವನ್ನು ಹೊಟ್ಟೆಗೆ ಹಿಡಿದಳು. ಟಕಟಕ, ಟಕಟಕ, ಓಡುವ ಕುದುರೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಿಡಿದಾಗ ಆ ಕುದುರೆ ಕುಂಟುತ್ತಿತ್ತು.

ಕನ್ನಡಕದ ಸಿಸ್ಟರ್ ಅದೇ ಹೊತ್ತಿಗೆ ಬಾಟಲಿ ನೋಡಲು ಬಂದಿದ್ದಳು. ವಾರ್ಡಿನಲ್ಲಿ ಕೈಯಕ್ಕನ ನಂತರದವಳು ಅವಳೇ, ಎರಡು ಮಕ್ಕಳ ತಾಯಿ. ಸದ್ದು ಕೇಳಿ ಅವಳೂ ಹೊಟ್ಟೆಯ ಮೇಲೆ ಕೈ ಇಟ್ಟಳು. ಇಟ್ಟವಳು ತೆಗೆಯಲಿಲ್ಲ.

"ಅಕ್ಕ, ಇದು ಕಲ್ಲಾಗಿದೆ."

"ನೋವು ಬಂದಿರ್ಬೇಕು."

"ಇಲ್ಲ ಅಕ್ಕ. ಬಿಡ್ತಾನೇ ಇಲ್ಲ. ನೀವೇ ನೋಡಿ, ಬಿಡ್ತಾನೇ ಇಲ್ಲ."

ಕೈಯಕ್ಕನ ಕೈ ಅಲ್ಲೇ ಇತ್ತು, ಕನ್ನಡಕದ ಸಿಸ್ಟರಿನ ಕೈಯ ಪಕ್ಕದಲ್ಲೇ. ಅದಕ್ಕೆ ಏನೂ ಗೊತ್ತಿರಲಿಲ್ಲ.

ಮುಂದಿನದನ್ನು ಅವಳ ಮೈ ತಾನೇ ಮಾಡಿತು. ಡ್ರಿಪ್ ಮುಚ್ಚಿದಳು. ಹುಡುಗಿಯನ್ನು ಎಡಮಗ್ಗುಲಿಗೆ ತಿರುಗಿಸಿದಳು, ಮೂಗಿಗೆ ಆಮ್ಲಜನಕ ಹಿಡಿಸಿದಳು, ಡಾಕ್ಟರಮ್ಮನನ್ನು ಕೂಗಿಸಿದಳು. ಎದೆಬಡಿತದ ಯಂತ್ರವನ್ನು ಹೊಟ್ಟೆಯಿಂದ ಕೀಳದೆ ಕಾದಳು. ನಿಧಾನ, ಇನ್ನೂ ನಿಧಾನ, ಆಮೇಲೆ ಸಂಕೋಚಪಡುತ್ತಾ ಮತ್ತೆ ಓಟ. ಡಾಕ್ಟರಮ್ಮ ಪರೀಕ್ಷಿಸಿ, ದಾರಿ ಪೂರ್ತಿ ತೆರೆದಿದೆ, ತಲೆ ಕೆಳಗೇ ಇದೆ ಎಂದರು. ಬಟ್ಟಲಿನಂಥ ಸಾಧನವನ್ನು ಮಗುವಿನ ತಲೆಗೆ ಅಂಟಿಸಿ, ಹುಡುಗಿಯ ತಿಣುಕಿಗೆ ಜೊತೆಯಾಗಿ ಎಳೆದರು. ಹೆಣ್ಣುಮಗು ನೀಲಿಯಾಗಿ ಬಂತು. ಕನ್ನಡಕದ ಸಿಸ್ಟರ್ ಬೆನ್ನುಜ್ಜಿದಳು. ಆ ಕೋಣೆಯಲ್ಲಿ ಆಗ ಯಾರೂ ಉಸಿರಾಡಲಿಲ್ಲ. ಆಮೇಲೆ ಮಗು ಉಸಿರಾಡಿತು, ಅತ್ತಿತು, ಕೆಂಪಾಯಿತು.

"ಅತ್ತೆ ಬಾಯಿ ಬಂದಿದೆ ಇದಕ್ಕೆ" ಎಂದು ಆಯಾ ನಕ್ಕಳು. ಬಾಗಿಲಾಚೆ ನಾದಿನಿ ಆಗಲೇ ಯಾರಿಗೋ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದಳು.

ಕೈ ತೊಳೆಯುವಾಗ ಡಾಕ್ಟರಮ್ಮ, "ಕೆಲವರಿಗೆ ಆ ಡ್ರಿಪ್ ಆಗಿಬರಲ್ಲ ಬಿಡಿ. ಬೇಗ ನಿಲ್ಲಿಸಿದ್ರಿ, ಒಳ್ಳೇದಾಯ್ತು" ಎಂದರು. ಕನ್ನಡಕದ ಸಿಸ್ಟರಿಗೂ ಹಾಗೇ ಅನಿಸಿದಂತಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಕೈಯಕ್ಕ ನಲ್ಲಿಯ ಕೆಳಗೆ ಎಡಗೈ ಚಾಚಿದಳು. ತೋರುಬೆರಳು, ನಡುಬೆರಳುಗಳ ಮೇಲೆ ಉಗುರಿನ ಗುರುತುಗಳಿದ್ದವು, ಅರ್ಧಚಂದ್ರಗಳು, ಒಂದರ ಮೇಲೊಂದು. ಒಂದೆರಡು ಕಡೆ ಚರ್ಮ ಸುಲಿದು ರಕ್ತ ಜಿನುಗಿತ್ತು. ಯಾವಾಗ ಆಯಿತು ಇದು?

ಸಂಜೆ ಡ್ಯೂಟಿ ಮುಗಿದ ಮೇಲೆ ಬಾಣಂತಿಯರ ಕೋಣೆಗೆ ಹೋದಳು. ಮಗು ಮಲಗಿತ್ತು. ನಾದಿನಿ ಬಿಸಿನೀರು ತರಲು ಹೋಗಿದ್ದರಿಂದ ಕೋಣೆ ಮೌನವಾಗಿತ್ತು.

"ಇದು ನೀನೇ ಮಾಡಿದ್ದಾ ತಾಯಿ?" ಎಂದು ಬೆರಳು ತೋರಿಸಿದಳು.

ಹುಡುಗಿ ಗಾಬರಿಯಾಗಿ ಎದ್ದು ಕೂರಲು ನೋಡಿದಳು. "ನೋವಾಯ್ತಾ ಸಿಸ್ಟರ್?"

"ಅದಲ್ಲ. ಯಾವಾಗಿಂದ ಒತ್ತುತ್ತಿದ್ದೆ?"

"ಮೊದಲಿಂದಾನೂ. ನೀವೇ ಹೇಳಿದ್ರಲ್ಲ." ಅವಳು ಮಾತು ಹುಡುಕಿದಳು. ಮಾತು ಅವಳಿಗೆ ಅಭ್ಯಾಸವಿಲ್ಲದ ಕೆಲಸ. "ಬೆಳಗ್ಗೆ ಮೆಲ್ಲಗೆ ಒತ್ತಿದೆ. ನೀವು ಏನೂ ಅನ್ಲಿಲ್ಲ. ಸರಿ, ಇದಿನ್ನೂ ನೋವಲ್ಲ, ನಿಜವಾದ್ದು ಮುಂದೆ ಬರುತ್ತೆ ಅಂದ್ಕೊಂಡೆ. ಆಮೇಲೆ ಜೋರಾಗಿ ಒತ್ತಿದೆ. ಆಗ್ಲೂ ನೀವು ಸುಮ್ನೆ ಇದ್ರಿ. ಎಲ್ರೂ ಇದಕ್ಕಿಂತ ಹೆಚ್ಚು ತಡ್ಕೋತಾರೇನೋ ಅಂತ..."

ಕೈಯಕ್ಕ ಮಂಚದ ಕಂಬಿ ಹಿಡಿದುಕೊಂಡಳು. ಕಂಬಿ ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಮೊದಲ ಸಲ ಹೆರುವ ಹೆಣ್ಣು ತನ್ನ ನೋವನ್ನು ಅಳೆಯಲು ಕೈಯಕ್ಕನ ಮುಖ ನೋಡಿದ್ದಾಳೆ. ಕೈಯಕ್ಕ ಅಳೆಯಲು ಅವಳ ಮುಖ ನೋಡಿದ್ದಾಳೆ. ಇಬ್ಬರೂ ಶಾಂತವಾಗಿದ್ದರು. ನಡುವೆ ಮಗುವೊಂದು ಉಸಿರಿಗೆ ಒದ್ದಾಡಿತ್ತು.

"ನಂಗೆ ಗೊತ್ತಾಗ್ಲಿಲ್ಲ ತಾಯಿ" ಎಂದಳು. "ಈ ಬೆರಳುಗಳು ಸತ್ತು ತಿಂಗಳುಗಳಾದ್ವು. ಕಿರುಬೆರಳೊಂದು ಬದುಕಿದೆ. ನಾನು ಯಾರಿಗೂ ಹೇಳಿರ್ಲಿಲ್ಲ. ನಿನ್ನ ನೋವು ಸಣ್ಣದಾಗಿರ್ಲಿಲ್ಲ. ಅಷ್ಟು ನಿಂಗೆ ಗೊತ್ತಿರ್ಲಿ."

ಹುಡುಗಿ ಮಗುವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು. ಕೈಯಕ್ಕನಿಗೆ ಅದು ಕಂಡಿತು, ಅದು ನ್ಯಾಯವೆಂದೂ ಅನಿಸಿತು.

ದೊಡ್ಡ ಸಿಸ್ಟರಿನ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು. ವಾರ್ಡಿನ ಮೇಲ್ವಿಚಾರಣೆ ಅವಳದೇ, ಉಳಿದವರಿಗೆಲ್ಲ ಅವಳು ದೊಡ್ಡ ಸಿಸ್ಟರ್. ಕೈಯಕ್ಕನಿಗೆ ಮಾತ್ರ ತರಬೇತಿಯ ದಿನಗಳಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ. ಬಾಗಿಲು ಮುಚ್ಚಿದ್ದರೆ ಇಬ್ಬರೂ ಏಕವಚನಕ್ಕೆ ಇಳಿಯುತ್ತಿದ್ದರು. ಕೈಯಕ್ಕ ಬಾಗಿಲು ಮುಚ್ಚಿ, ಎಲ್ಲವನ್ನೂ ಹೇಳಿದಳು. ದೊಡ್ಡ ಸಿಸ್ಟರ್ ಕೇಳಿ ಮುಗಿಸಿ, ಮೇಜಿನ ಮೇಲಿಂದ ಕೈ ಚಾಚಿದಳು.

"ಕೈ ಕೊಡು ಇಲ್ಲಿ. ಕಣ್ಣು ಮುಚ್ಚು."

ಕೈಯಕ್ಕ ಮುಚ್ಚಿದಳು. ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು.

"ಹೇಳು, ಯಾವ ಬೆರಳು?"

ಕೈಯಕ್ಕ ಕಾದಳು. ಬೀದಿಯಲ್ಲೊಂದು ಸೈಕಲ್ ಬೆಲ್ಲು ಹಾದುಹೋಯಿತು.

"ಹಿಡ್ಕೊಂಡಿದೀಯಾ?" ಎಂದು ಕೇಳಿದಳು.

ಕಣ್ಣು ಬಿಟ್ಟಾಗ ಗೆಳತಿ ಅವಳ ನಡುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನನ್ನ ಹತ್ರ ಹೇಳೋಕೆ ಏನಾಗಿತ್ತೇ ನಿಂಗೆ?"

"ಹೇಳಿದ್ರೆ ಕಿಟಕಿಗೆ ಹಾಕ್ತೀಯ ಅಂತ."

"ಈಗ್ಲೂ ಹಾಕ್ತೀನಿ. ಇವತ್ತಿನದನ್ನ ಡಾಕ್ಟರಮ್ಮಂಗೂ ಹೇಳ್ತೀನಿ."

"ಗೊತ್ತು. ಅದಕ್ಕೇ ಬಂದೆ."

ನರದ ಡಾಕ್ಟರು ಮಣಿಕಟ್ಟು ಬಡಿದು ನೋಡಿ, ಇಲ್ಲಿ ನರ ಒತ್ತಿಹೋಗಿದೆ, ಬಹಳ ತಡ ಮಾಡಿದ್ದೀರಿ ಎಂದರು. ಸಣ್ಣ ಆಪರೇಷನ್ ಮಾಡಬಹುದು, ಸ್ಪರ್ಶ ಎಷ್ಟು ಮರಳುತ್ತದೆ ಎಂದು ಹೇಳಲಾಗದು. ಕೈಯಕ್ಕ ಒಪ್ಪಿಕೊಂಡಳು. ಸರದಿ ಬರುವವರೆಗೆ ಕೆಳಗಿನ ಕಿಟಕಿ.

ಮೊದಲ ದಿನವೇ ಅಲ್ಲಿಯ ಒಂಟಿತನದ ಬಗೆ ಬೇರೆ ಎಂದು ಅವಳಿಗೆ ತಿಳಿಯಿತು. ಇಡೀ ದಿನ ಜನ. ಕಂಡಿಯೊಳಗಿಂದ ಕೈಗಳು ಬರುತ್ತವೆ. ಬಳೆಯ ಕೈ, ಹಿಟ್ಟು ಮೆತ್ತಿದ ಕೈ, ಊದಿಕೊಂಡು ಉಂಗುರ ಬಿಗಿದ ಬಸುರಿಯ ಕೈ. ಚೀಟಿ ತೆಗೆದುಕೊಂಡು ಹೋಗುತ್ತವೆ. ಊದಿದ ಕೈ ಕಂಡರೆ ಅವಳು ಬಗ್ಗಿ, "ತಲೆನೋವಿದೆಯಾ? ಕಣ್ಣು ಮಂಜಾಗುತ್ತಾ?" ಎಂದು ಕೇಳಿ, ಮೊದಲು ಬಿ.ಪಿ. ನೋಡಿಸಿಕೊಳ್ಳಲು ಕಳಿಸುತ್ತಿದ್ದಳು. ಮೇಲಿನ ಮಹಡಿಯಿಂದ ಒಮ್ಮೊಮ್ಮೆ ಹೆರುವವಳ ಕೂಗು ಮೆಟ್ಟಿಲಿಳಿದು ಬರುತ್ತಿತ್ತು. ಕೈಯಕ್ಕನ ಎಡಗೈ ತಾನಾಗಿ ಮೇಜಿನ ಮೇಲೆ ಅಂಗಾತ ತೆರೆದುಕೊಳ್ಳುತ್ತಿತ್ತು. ಅವಳು ಅದನ್ನು ನೋಡಿ, ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

ದರ್ಜಿ ಹುಡುಗಿಯನ್ನು ಮನೆಗೆ ಕಳಿಸಿದ ದಿನ ನಾದಿನಿಯ ಧ್ವನಿಯೇ ಮೊದಲು ಬಂತು. "ನಮ್ಮಣ್ಣ ಬಂದ, ಮಗು ನೋಡಿ ಅತ್ತೇಬಿಟ್ಟ ಕಣ್ರೀ, ಅಷ್ಟು ದೊಡ್ಡ ಲಾರಿ ಓಡಿಸೋನು..." ಎಂದು ಕಾವಲುಗಾರನಿಗೆ ಹೇಳುತ್ತಿದ್ದಳು. ಅವಳ ಹಿಂದೆ ಮಗುವನ್ನೆತ್ತಿಕೊಂಡ ಗಂಡ. ಕೊನೆಯಲ್ಲಿ ಹುಡುಗಿ, ಹೆಜ್ಜೆ ಎಣಿಸುವವಳಂತೆ ನಿಧಾನಕ್ಕೆ. ಕೈಯಕ್ಕ ತಲೆ ತಗ್ಗಿಸಿದಳು. ಪೇಟೆಯಲ್ಲಿ ಹಾದುಹೋಗುವವರಂತೆ ಇವಳೂ ಹಾದುಹೋಗಲಿ, ಅದೇ ಸುಲಭ ಎಂದುಕೊಂಡಳು.

ಗಾಜಿನ ಮೇಲೆ ನೆರಳು ಬಿತ್ತು. ಕಂಡಿಯೊಳಗಿಂದ ಕೈಯೊಂದು ಬಂತು, ದೊರಗು ತುದಿಯ ತೋರುಬೆರಳಿನ ಕೈ. ಅದು ಚೀಟಿ ಕೇಳಲಿಲ್ಲ. ಮೇಜಿನ ಮೇಲಿದ್ದ ಕೈಯಕ್ಕನ ಎಡಗೈಯನ್ನು ಮುಟ್ಟಿ, ಬೆರಳುಗಳನ್ನು ಒಂದೊಂದಾಗಿ ದಾಟಿ, ಗುಂಡಿಗೆ ಕಾಜಾ ಹುಡುಕುವವಳ ಹಾಗೆ ಕೊನೆಯ ಬೆರಳಿಗೆ ಬಂದು ನಿಂತಿತು. ಕಿರುಬೆರಳನ್ನು ಹಿಡಿದು ಒತ್ತಿತು.

ಅದು ಕ್ಷಮೆಯೋ, ವಿದಾಯವೋ, ಇನ್ನೂ ಉಳಿದಿದ್ದ ನೋವೋ. ಹುಡುಗಿ ಬಾಯಿ ಬಿಡುವವಳಲ್ಲ. ಒತ್ತಿದ್ದು ಮಾತ್ರ ಚೆನ್ನಾಗಿ, ನೋಯುವಷ್ಟು, ಉಗುರಿನ ಅಂಚು ಸಮೇತ ತಿಳಿಯಿತು.

"ಗೊತ್ತಾಯ್ತು ತಾಯಿ" ಎಂದಳು ಕೈಯಕ್ಕ.

ಕೈ ಹಿಂದೆ ಸರಿಯಿತು. ಬಾಗಿಲಾಚೆಯ ಬಿಸಿಲಿನಲ್ಲಿ ನಾದಿನಿಯ ಮಾತು ಸಣ್ಣದಾಗುತ್ತಾ ಹೋಯಿತು. ಕೈಯಕ್ಕ ಬಲಗೈಯಿಂದ ಎಡಗೈಯ ಕಿರುಬೆರಳನ್ನು ಮುಚ್ಚಿಕೊಂಡು ಕುಳಿತಳು, ಗಾಳಿಗೆ ಆರದಂತೆ ದೀಪ ಮುಚ್ಚುವವರ ಹಾಗೆ. ಸಾಲಿನಲ್ಲಿ ಯಾರೋ ಕೆಮ್ಮಿದರು.

"ಬನ್ನಿ, ಮುಂದಿನವರು" ಎಂದಳು.